ಸ್ಟೆಂಟ್ ಹಾಕಿಸಿದ ಮೇಲೂ ಎದೆನೋವೇ?

ಸ್ಟೆಂಟ್ ಹಾಕಿಸಿಕೊಂಡು ಕೆಲವು ತಿಂಗಳಾಗಿದೆ. ಮಹಡಿ ಹತ್ತುವಾಗ ಮತ್ತೆ ಎದೆ ಹಿಡಿದಂತಾಗುತ್ತದೆ. ಆಂಜಿಯೋಗ್ರಾಂ ಮಾಡಿದರೆ ಸ್ಟೆಂಟ್ ತೆರೆದೇ ಇದೆ. ಮನೆಯವರು ‘ಎಲ್ಲ ನಿಮ್ಮ ಭ್ರಮೆ’ ಎನ್ನತೊಡಗುತ್ತಾರೆ. ಹಾಗೆಂದು ತಳ್ಳಿಹಾಕುವುದು ಸರಿಯಲ್ಲ.

ಆಂಜಿಯೋಗ್ರಾಂ ತೋರಿಸುವುದು ರಕ್ತನಾಳದ ಒಳ ಆಕಾರವನ್ನು. ಹೃದಯದ ಸ್ನಾಯುವಿಗೆ ಸಾಕಷ್ಟು ರಕ್ತ ತಲುಪುತ್ತಿದೆಯೇ ಎಂಬುದು ಬೇರೆ ಪ್ರಶ್ನೆ. ಅರ್ಧ ಮಿಲಿಮೀಟರ್‌ಗಿಂತ ಕಿರಿದಾದ ನಾಳಗಳಂತೂ ಅದರಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ನಾಲೆಯಲ್ಲಿ ನೀರು ತುಂಬಿದ್ದರೇನು, ಗದ್ದೆಯ ಕಾಲುವೆಗೆ ಬಾರದಿದ್ದರೆ ಪೈರು ಒಣಗುತ್ತದೆ. ಶ್ರಮದ ವೇಳೆ ಈ ಸಣ್ಣ ನಾಳಗಳು ಹಿಗ್ಗದಿದ್ದರೂ ನೋವು ಬರುತ್ತದೆ.

ಹರಿವನ್ನು ಅಂದಾಜು ಮಾಡಲು ಎಫ್.ಎಫ್.ಆರ್. ಎಂಬ ಪರೀಕ್ಷೆಯಿದೆ. ಒತ್ತಡ ಅಳೆಯುವ ಪುಟ್ಟ ಸಾಧನವಿರುವ, ಸುಮಾರು 0.36 ಮಿಲಿಮೀಟರ್ ದಪ್ಪದ ತಂತಿಯನ್ನು ನಾಳದೊಳಗೆ ತೂರಿಸುತ್ತಾರೆ. ಅಡೆನೊಸಿನ್ ಕೊಟ್ಟು, ಅಡಚಣೆಯ ಆಚೆಗಿನ ಒತ್ತಡವನ್ನು ಮಹಾಪಧಮನಿಯ ಒತ್ತಡದೊಂದಿಗೆ ಹೋಲಿಸುತ್ತಾರೆ. ಅನುಪಾತ 0.80 ಅಥವಾ ಅದಕ್ಕಿಂತ ಕಡಿಮೆಯಾದರೆ ದೊಡ್ಡ ನಾಳದಲ್ಲೇ ತೊಂದರೆಯಿದೆ. ಹೆಚ್ಚಿದ್ದರೆ, ಉಷ್ಣಾಂಶವನ್ನೂ ಅಳೆಯುವ ತಂತಿಯಿಂದ ಸಣ್ಣ ನಾಳಗಳ ಸ್ಥಿತಿ ತಿಳಿಯಬಹುದು. ಅಲ್ಲಿ ದೋಷವಿದ್ದರೆ ಇನ್ನೊಂದು ಸ್ಟೆಂಟ್ ಹಾಕಿ ಪ್ರಯೋಜನವಿಲ್ಲ, ಮಾತ್ರೆಗಳೇ ಗತಿ.

ಎಲ್ಲರಿಗೂ ಈ ಪರೀಕ್ಷೆ ಬೇಕಿಲ್ಲ, ಖರ್ಚೂ ಕಡಿಮೆಯಲ್ಲ. ಆಸ್ತಮಾ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸುಮ್ಮನೆ ಕುಳಿತಾಗಲೂ ನೋವು ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಆಸ್ಪತ್ರೆಗೆ ಧಾವಿಸಿ.