ಅಡಿಕೆಗೆ ಹೋದ ಮಾನ

"ಡಾಕ್ಟ್ರೇ, ನಮ್ಮ ಮನೆಯವರು ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ಶಾಲೆಯ ಸೀಮೆಸುಣ್ಣದ ತುಂಡನ್ನೂ ಮನೆಗೆ ತಂದವರಲ್ಲ. ಈಗ ಬಿಸ್ಕತ್ತು ಕದ್ದರು ಅಂತ ಅಂಗಡಿಯಲ್ಲಿ ಹಿಡಿದು ನಿಲ್ಲಿಸಿದ್ದಾರೆ."

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನನ್ನ ಕ್ಲಿನಿಕ್ಕಿಗೆ ಬಂದ ಗೃಹಿಣಿಯೊಬ್ಬರು ಕುರ್ಚಿಯಲ್ಲಿ ಕೂರುವ ಮೊದಲೇ ಹೀಗೆಂದು ಅಳತೊಡಗಿದರು. (ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.) ಜೊತೆಗಿದ್ದ ಮಗನಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು. ಅಂಗಡಿಯ ಕ್ಯಾಮೆರಾದ ದೃಶ್ಯ ಆಗಲೇ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪು ಸೇರಿತ್ತು. ಮೇಷ್ಟ್ರು ಮಾತ್ರ ಏನೂ ಆಗದವರಂತೆ ಮುಗುಳ್ನಗುತ್ತ ಕುಳಿತಿದ್ದರು. ಅವರ ಜೇಬಿನಲ್ಲಿ ಆ ಬಿಸ್ಕತ್ತಿನ ಬೆಲೆಯ ಹತ್ತು ಪಟ್ಟು ಹಣವಿತ್ತು. "ಯಾಕೆ ಸಾರ್ ತಗೊಂಡ್ರಿ?" ಎಂದು ಕೇಳಿದೆ. "ಅಲ್ಲಿತ್ತು, ತಗೊಂಡೆ" ಎಂದರು.

ಆ ಉತ್ತರದಲ್ಲಿ ನಾಚಿಕೆಯಾಗಲಿ ಭಯವಾಗಲಿ ಇರಲಿಲ್ಲ. ಕದ್ದವನು ಸುಳ್ಳು ಹೇಳುತ್ತಾನೆ, ಇಲ್ಲವೇ ತಲೆ ತಗ್ಗಿಸುತ್ತಾನೆ. ಇವರು ಎರಡನ್ನೂ ಮಾಡಲಿಲ್ಲ. ಮನೆಯವರನ್ನು ಬಿಡಿಸಿ ಕೇಳಿದಾಗ ಒಂದೊಂದೇ ಸಂಗತಿ ಹೊರಬಂತು. ಒಂದು ವರ್ಷದಿಂದ ಸಿಹಿತಿಂಡಿಯ ಮೇಲೆ ವಿಪರೀತ ಆಸೆ. ಸಾವಿನ ಮನೆಯಲ್ಲಿ ನಗೆಚಾಟಿಕೆ. ಮದುವೆ ಊಟದಲ್ಲಿ ಪಕ್ಕದವರ ಎಲೆಗೆ ಕೈ. ಹೆಂಡತಿಗೆ ಜ್ವರ ಬಂದು ಮಲಗಿದರೂ "ಹೇಗಿದ್ದೀಯಾ?" ಎಂದು ಕೇಳಿದ್ದಿಲ್ಲ.

ನಾನಿಲ್ಲಿ ಒಂದು ತಪ್ಪೊಪ್ಪಿಕೊಳ್ಳಬೇಕು. ಆರು ತಿಂಗಳ ಹಿಂದೆ ಇದೇ ತಾಯಿ "ಇವರು ಸಿಹಿ ಬಹಳ ತಿನ್ನುತ್ತಾರೆ" ಎಂದು ದೂರಿದ್ದಾಗ ನಾನು ರಕ್ತದ ಸಕ್ಕರೆ ಪರೀಕ್ಷಿಸಿ, ಸರಿಯಿದೆಯೆಂದು ಹೇಳಿ ಕಳುಹಿಸಿದ್ದೆ. ಈ ಬಾರಿ ನರರೋಗ ತಜ್ಞರ ಬಳಿಗೆ ಕಳುಹಿಸಿದೆ. ಸ್ಕ್ಯಾನ್ ಮಾಡಿದಾಗ ಮಿದುಳಿನ ಮುಂಭಾಗ ಕುಗ್ಗಿರುವುದು ಕಂಡಿತು. ಅದು 'ಫ್ರಂಟೋಟೆಂಪೊರಲ್ ಡಿಮೆನ್ಶಿಯಾ' ಎಂಬ ಕಾಯಿಲೆ.

'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಎಂಬ ಗಾದೆ ನಿಮಗೆ ಗೊತ್ತು. ಕೊಳ್ಳುವವರಂತೆ ಅಂಗಡಿಗೆ ಹೋಗಿ, ಸರಕನ್ನು ಚೀಲಕ್ಕೋ ಸೆರಗಿಗೋ ಸೇರಿಸಿ, ದುಡ್ಡು ಕೊಡದೆ ಹೊರಬರುವ ಕಳವನ್ನು ಘೋರ ಅಪರಾಧವೆಂದು ಕಾಣಬೇಕೆ, ಸಣ್ಣ ತಪ್ಪೆಂದು ಬಿಡಬೇಕೆ? ವಕೀಲರು ಉತ್ತರಿಸಬೇಕಾದ ಪ್ರಶ್ನೆ ಇದೆಂದು ನೀವು ಹೇಳಬಹುದು. ಆದರೆ ಇದಕ್ಕೆ ವೈದ್ಯಕೀಯದ ಮುಖವೂ ಒಂದುಂಟು.

ಕದ್ದವರೆಲ್ಲ ರೋಗಿಗಳೇ?

ಖಂಡಿತ ಅಲ್ಲ. ಅಂಗಡಿಯಲ್ಲಿ ಕದಿಯುವವರಲ್ಲಿ ಬಹುಪಾಲು ಜನ ಆಸೆಗೋ, ಬಡತನಕ್ಕೋ, ಕುಡಿತ ಮತ್ತು ಮಾದಕ ವಸ್ತುವಿನ ಚಟಕ್ಕೋ, ಮರುಮಾರಾಟದ ಲಾಭಕ್ಕೋ ಕದಿಯುತ್ತಾರೆ. ಅಂಗಡಿಯವನ ನಷ್ಟವನ್ನು ಹಗುರವಾಗಿ ಕಾಣುವುದೂ ಸರಿಯಲ್ಲ. ನೂರು ರೂಪಾಯಿಯ ಸರಕಿನಲ್ಲಿ ಅವನಿಗೆ ಹತ್ತು ರೂಪಾಯಿ ಉಳಿಯುತ್ತದೆ ಎನ್ನಿ. ಅಂಥದೊಂದು ಸರಕು ಕಳುವಾದರೆ ಅಸಲು 90 ರೂಪಾಯಿ ತುಂಬಿಕೊಳ್ಳಲು ಅವನು ಇನ್ನೂ 900 ರೂಪಾಯಿಯ ವ್ಯಾಪಾರ ಮಾಡಬೇಕು. ಕೆಲವೆಡೆ ಈ ನಷ್ಟ ಕೆಲಸದ ಹುಡುಗನ ಸಂಬಳದಲ್ಲಿ ಮುರಿಯಲ್ಪಡುತ್ತದೆ. ಆದ್ದರಿಂದ ಇದು ಅಪರಾಧ. ಅದರಲ್ಲಿ ಎರಡು ಮಾತಿಲ್ಲ. ಎಷ್ಟು ಘೋರ, ಯಾರಿಗೆ ಎಂಥ ಶಿಕ್ಷೆ ಎಂಬುದಷ್ಟೇ ಪ್ರಶ್ನೆ.

ಬರೀ ಕಾಠಿಣ್ಯದಿಂದ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಚರಿತ್ರೆಯಲ್ಲಿ ಪಾಠವಿದೆ. ಅಲ್ಲಿ 1699ರ ಕಾಯ್ದೆಯೊಂದು, ಅಂಗಡಿಯಿಂದ 5 ಶಿಲ್ಲಿಂಗ್ ಅಥವಾ ಹೆಚ್ಚು ಬೆಲೆಯ ಸರಕು ಕದ್ದವರಿಗೆ ಗಲ್ಲು ಶಿಕ್ಷೆ ವಿಧಿಸಿತು. ಆದರೆ ಒಂದು ತುಂಡು ಬಟ್ಟೆಗಾಗಿ ಹೆಂಗಸೊಬ್ಬಳನ್ನು ನೇಣಿಗೆ ಕಳುಹಿಸಲು ಪಂಚಾಯತರ ಮನಸ್ಸು ಒಪ್ಪದೆ, ಎಷ್ಟೋ ಮೊಕದ್ದಮೆಗಳಲ್ಲಿ ಅವರು ಸರಕಿನ ಬೆಲೆಯನ್ನೇ 5 ಶಿಲ್ಲಿಂಗಿಗಿಂತ ಕಡಿಮೆ ಎಂದು ತೀರ್ಮಾನಿಸಿಬಿಡುತ್ತಿದ್ದರು. 1820ರ ದಶಕದಲ್ಲಿ ಆ ಗಲ್ಲು ಶಿಕ್ಷೆ ರದ್ದಾಯಿತು. ಔಷಧದ ಪ್ರಮಾಣ ಮಿತಿಮೀರಿದರೆ ರೋಗಿ ಅದನ್ನು ನುಂಗುವುದಿಲ್ಲ, ಉಗುಳುತ್ತಾನೆ. ಶಿಕ್ಷೆಯ ವಿಷಯದಲ್ಲೂ ಹಾಗೆಯೇ.

ನಮ್ಮ ಕಾನೂನು ಏನನ್ನುತ್ತದೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಪ್ರಕಾರ ಕಳವಿಗೆ 3 ವರ್ಷದವರೆಗೆ ಸಜೆ ಉಂಟು. ಸರಕು ಕಾಪಾಡುವ ಕಟ್ಟಡದೊಳಗೆ ಕದ್ದರೆ 305ನೇ ಸೆಕ್ಷನ್ ಅಡಿ 7 ವರ್ಷದವರೆಗೂ ಆಗಬಹುದು. ಆದರೆ 303ರಲ್ಲಿಯೇ ಹೊಸದೊಂದು ಮಾತು ಸೇರಿದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಅಪರಾಧಿಗೆ ಇದೇ ಮೊದಲ ಶಿಕ್ಷೆಯಾಗಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ. ಅಂದರೆ ಸಂಬಳವಿಲ್ಲದೆ ಸಾರ್ವಜನಿಕರಿಗೆ ಉಪಯೋಗವಾಗುವ ಕೆಲಸ ಮಾಡಬೇಕು. ವೈದ್ಯನಾಗಿ ನನಗೆ ಇದು ಹಿಡಿಸಿದೆ. ತಪ್ಪು ತಪ್ಪೆಂದು ಹೇಳಿದಂತಾಯಿತು, ಮನುಷ್ಯನೂ ಉಳಿದ.

ಬುದ್ಧಿಸ್ಥಿಮಿತವಿಲ್ಲದೆ, ತಾನು ಮಾಡುತ್ತಿರುವುದೇನು ಅಥವಾ ಅದು ತಪ್ಪು ಎಂಬುದೇ ತಿಳಿಯದ ಸ್ಥಿತಿಯಲ್ಲಿ ಮಾಡಿದ ಕೃತ್ಯ ಅಪರಾಧವಲ್ಲವೆಂದು ಅದೇ ಸಂಹಿತೆಯ 22ನೇ ಸೆಕ್ಷನ್ ಹೇಳುತ್ತದೆ.

ಕಳವಿನ ಗೀಳು

'ಕ್ಲೆಪ್ಟೋಮೇನಿಯಾ' ಎಂಬ ಪದ ನೀವು ಕೇಳಿರಬಹುದು. ಸ್ವಿಟ್ಜರ್ಲೆಂಡಿನ ವೈದ್ಯ ಆಂದ್ರೆ ಮ್ಯಾಥೆ 1816ರಲ್ಲಿಯೇ ಇದನ್ನು ವಿವರಿಸಿದ. ಇದು ನಿಜಕ್ಕೂ ಇರುವ ಕಾಯಿಲೆ, ಆದರೆ ಅಪರೂಪದ್ದು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಪ್ರಕಾರ ಸಾವಿರ ಜನರಲ್ಲಿ 3ರಿಂದ 6 ಮಂದಿಗೆ ಇರಬಹುದು. ಅಂಗಡಿ ಕಳವಿನಲ್ಲಿ ಬಂಧಿತರಾದವರಲ್ಲಿ ಇದು ಶೇಕಡ 4ರಿಂದ 24. ಗಂಡಸರಿಗಿಂತ ಹೆಂಗಸರಲ್ಲಿ ಮೂರು ಪಟ್ಟು ಹೆಚ್ಚು.

ಈ ಗೀಳಿನವರು ತಮಗೆ ಬೇಡದ ವಸ್ತುವನ್ನೇ ಕದಿಯುತ್ತಾರೆ. ಮುಂಚಿತ ಯೋಜನೆಯಿಲ್ಲ, ಜೊತೆಗಾರರಿಲ್ಲ. ಕದಿಯುವ ಮುನ್ನ ಎದೆಯಲ್ಲಿ ತಡೆಯಲಾಗದ ತಳಮಳ. ಕದ್ದ ಕ್ಷಣ ಹಾಯೆನಿಸುವ ನೆಮ್ಮದಿ. ಆಮೇಲೆ ಪಶ್ಚಾತ್ತಾಪ. ಆ ವಸ್ತುವನ್ನು ಎಸೆಯುತ್ತಾರೆ, ಯಾರಿಗೋ ಕೊಡುತ್ತಾರೆ, ಬೀರುವಿನ ಮೂಲೆಯಲ್ಲಿ ಬಚ್ಚಿಡುತ್ತಾರೆ, ಕೆಲವೊಮ್ಮೆ ಗುಟ್ಟಾಗಿ ಅಂಗಡಿಯಲ್ಲೇ ಇಟ್ಟು ಬರುತ್ತಾರೆ. ಬೆಲೆಬಾಳುವ ಸೀರೆಯನ್ನೇ ಆರಿಸಿ ಕದ್ದು ಮಾರುವವರು 'ನನಗೆ ಆ ಕಾಯಿಲೆಯಿದೆ' ಎಂದರೆ ನಂಬಬೇಕಾಗಿಲ್ಲ.

ಗೀಳಿನವರಿಗೆ ಕದಿಯುವುದು ತಪ್ಪೆಂಬ ಅರಿವು ಇದ್ದೇ ಇರುತ್ತದೆ. ಹೀಗಾಗಿ 22ನೇ ಸೆಕ್ಷನ್ ಅವರಿಗೆ ಸುಲಭವಾಗಿ ಒದಗದು. ಆದರೆ ಚಿಕಿತ್ಸೆಯುಂಟು. ಮನೋವೈದ್ಯರು ವರ್ತನೆಯನ್ನು ತಿದ್ದುವ ಚಿಕಿತ್ಸೆ ನೀಡುತ್ತಾರೆ, ಜೊತೆಗಿರುವ ಖಿನ್ನತೆಗೆ ಔಷಧ ಕೊಡುತ್ತಾರೆ. ಮದ್ಯದ ಚಟ ಬಿಡಿಸಲು ಬಳಸುವ ನಾಲ್ಟ್ರೆಕ್ಸೋನ್ ಮಾತ್ರೆಯನ್ನು ಅಮೆರಿಕದಲ್ಲಿ 25 ಮಂದಿಯ ಮೇಲೆ 8 ವಾರ ಪ್ರಯೋಗಿಸಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕದಿಯುವ ತುಡಿತ ಗಣನೀಯವಾಗಿ ಇಳಿದಿತ್ತು. ಪ್ರಯೋಗ ಚಿಕ್ಕದು, ಆದರೂ ಭರವಸೆಯದು. ದುರದೃಷ್ಟವೆಂದರೆ ಹೆಚ್ಚಿನವರು ನಾಚಿಕೆಯಿಂದ ವೈದ್ಯರ ಬಳಿಗೇ ಬರುವುದಿಲ್ಲ.

ಬೇರೆ ಕಾರಣಗಳು

ಮೇಷ್ಟ್ರಿಗೆ ಬಂದ ಕಾಯಿಲೆ ಸಾಮಾನ್ಯವಾಗಿ 45ರಿಂದ 65ರ ವಯಸ್ಸಿನಲ್ಲಿ ತಲೆದೋರುತ್ತದೆ. ಮೊದಲು ಕೆಡುವುದು ನೆನಪಲ್ಲ, ನಡವಳಿಕೆ. 'ಇದು ಮಾಡಬಾರದು' ಎಂದು ತಡೆಯುವ ಕಡಿವಾಣವೇ ಸಡಿಲವಾಗುತ್ತದೆ. ಅಮೆರಿಕದ ಕೇಂದ್ರವೊಂದರಲ್ಲಿ 1999ರಿಂದ 2012ರವರೆಗೆ ಪರೀಕ್ಷಿಸಿದ ರೋಗಿಗಳ ದಾಖಲೆಗಳನ್ನು 2015ರಲ್ಲಿ ಪ್ರಕಟಿಸಿದರು. ನಡವಳಿಕೆ ಕೆಡಿಸುವ ಈ ಬಗೆಯ ಕಾಯಿಲೆಯಿದ್ದ 171 ಮಂದಿಯಲ್ಲಿ 64 ಮಂದಿಯ ಚರಿತ್ರೆಯಲ್ಲಿ ಕಳವು ಮುಂತಾದ ಕಾನೂನುಬಾಹಿರ ವರ್ತನೆ ಕಂಡಿತ್ತು. ಆಲ್‌ಝೈಮರ್ ರೋಗದ 545 ಮಂದಿಯಲ್ಲಿ ಅಂಥವರು 42 ಮಾತ್ರ.

ಉನ್ಮಾದ ರೋಗದಲ್ಲಿಯೂ ಇಂಥ ವರ್ತನೆ ಕಾಣಿಸಬಹುದು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್‌ನಂಥ ಮಾತ್ರೆಗಳಿಂದ ಕೆಲವರಿಗೆ ಜೂಜು, ಮಿತಿಮೀರಿದ ಖರೀದಿಯಂಥ ತುಡಿತ ಹುಟ್ಟುತ್ತದೆ, ಅಪರೂಪಕ್ಕೆ ಕಳವಿನದೂ. ಔಷಧವನ್ನು ನೀವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ. ಇನ್ನು ಮಧುಮೇಹಿಗಳಲ್ಲಿ ಸಕ್ಕರೆ ಥಟ್ಟನೆ ಇಳಿದರೆ ಮಂಕು ಕವಿಯುತ್ತದೆ. ಕೈಯಲ್ಲಿ ಸರಕು ಹಿಡಿದು, ಬೆವರುತ್ತ, ತೊದಲುತ್ತ ಹೊರನಡೆದವರಿಗೆ ಬೇಕಾದದ್ದು ಪೆಟ್ಟಲ್ಲ, ಒಂದು ಲೋಟ ಸಕ್ಕರೆ ನೀರು.

ಮಗು ಕದ್ದರೆ?

ಪುಟ್ಟ ಮಕ್ಕಳಿಗೆ 'ನನ್ನದು, ಪರರದು' ಎಂಬ ಭೇದ ಇನ್ನೂ ಬಲಿತಿರುವುದಿಲ್ಲ. 7 ವರ್ಷದೊಳಗಿನ ಮಗುವಿನ ಯಾವ ಕೃತ್ಯವೂ ಕಾನೂನಿನ ಕಣ್ಣಿಗೆ ಅಪರಾಧವಲ್ಲ. ಹದಿಹರೆಯದವರು ಗೆಳೆಯರ ಪಂಥಕ್ಕೆ ಸಿಕ್ಕಿ ಕದಿಯುವುದುಂಟು. 18ರೊಳಗಿನವರ ವಿಚಾರಣೆ ಬಾಲ ನ್ಯಾಯ ಮಂಡಳಿಯಲ್ಲಿ ನಡೆಯಬೇಕು.

ಕದ್ದ ತಪ್ಪಿಗೆ ಹೆತ್ತವರೇ ಬರೆ ಹಾಕಿದ ಪುಟ್ಟ ಕೈಗಳಿಗೆ ನಾನು ಮುಲಾಮು ಹಚ್ಚಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮಗುವನ್ನು ಕರೆದುಕೊಂಡು ಅಂಗಡಿಗೆ ಹೋಗಿ. ವಸ್ತುವನ್ನು ಅದರ ಕೈಯಿಂದಲೇ ವಾಪಸು ಕೊಡಿಸಿ. ತಿಂದು ಮುಗಿಸಿದ್ದರೆ ದುಡ್ಡು ಕೊಡಿಸಿ, ತಪ್ಪಾಯಿತೆಂದು ಹೇಳಿಸಿ. 'ಕಳ್ಳ' ಎಂದು ಹೆಸರಿಡಬೇಡಿ. ಮತ್ತೆ ಮತ್ತೆ ಕದಿಯುತ್ತಿದ್ದರೆ, ಜೊತೆಗೆ ಸುಳ್ಳು, ಹೊಡೆದಾಟ, ಶಾಲೆ ತಪ್ಪಿಸುವುದು ಸೇರಿದ್ದರೆ ಮಕ್ಕಳ ಮನೋವೈದ್ಯರಿಗೆ ತೋರಿಸಿ.

ಮನೆಯವರು, ಅಂಗಡಿಯವರು ಗಮನಿಸಲಿ

1. ಜೀವಮಾನವಿಡೀ ಪ್ರಾಮಾಣಿಕರಾಗಿದ್ದವರು ನಡುವಯಸ್ಸು ದಾಟಿದ ಮೇಲೆ ಮೊದಲ ಬಾರಿ ಕದ್ದರೆ ಪೊಲೀಸರಿಗಿಂತ ಮೊದಲು ವೈದ್ಯರನ್ನು ನೆನೆಯಿರಿ.

2. ಕದ್ದ ವಸ್ತು ಅವರಿಗೆ ಬೇಕಿತ್ತೇ, ಜೇಬಿನಲ್ಲಿ ದುಡ್ಡಿತ್ತೇ, ಬಚ್ಚಿಡಲು ಯತ್ನಿಸಿದರೇ ಎಂಬುದನ್ನು ಗಮನಿಸಿ ವೈದ್ಯರಿಗೆ ಹೇಳಿ. ಯಾವ ಮಾತ್ರೆ ನುಂಗುತ್ತಿದ್ದಾರೆಂಬ ಚೀಟಿಯೂ ಜೊತೆಗಿರಲಿ.

3. ಅಂಗಡಿಯವರು ದೂರು ಕೊಡಬಹುದು. ಹೊಡೆಯುವ, ಕಟ್ಟಿಹಾಕುವ, ಕತ್ತಿಗೆ ಹಲಗೆ ತೂಗಿ ನಿಲ್ಲಿಸುವ ಹಕ್ಕು ಅವರಿಗಿಲ್ಲ.

4. ಕ್ಯಾಮೆರಾದ ದೃಶ್ಯವನ್ನು ಪೊಲೀಸರಿಗೆ ಕೊಡಿ, ಊರಿಗೆ ಹಂಚಬೇಡಿ. ಕಾನೂನಿನ ಕ್ರಮಕ್ಕೆ ಒಳಗಾದ ಮಗುವಿನ ಗುರುತನ್ನು ಬಯಲು ಮಾಡುವುದು 2015ರ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ.

5. ಸಿಕ್ಕಿಬಿದ್ದವರನ್ನು, ಮುಖ್ಯವಾಗಿ ಹುಡುಗ ಹುಡುಗಿಯರನ್ನು, ಆ ರಾತ್ರಿ ಒಂಟಿಯಾಗಿ ಬಿಡಬೇಡಿ. ಅವಮಾನ ತಾಳದೆ ಪ್ರಾಣಕ್ಕೆ ಎರವಾಗುವ ಅಪಾಯವುಂಟು. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಹಾಗಾದರೆ ನನ್ನ ಅಭಿಪ್ರಾಯವೇನು? ಗುಂಪು ಕಟ್ಟಿಕೊಂಡು, ಕದ್ದು ಮಾರುವುದನ್ನೇ ಕಸುಬು ಮಾಡಿಕೊಂಡವರ ಕೃತ್ಯ ಗಂಭೀರ ಅಪರಾಧವೇ. ಮೊದಲ ಸಲ ಎಡವಿದವರಿಗೆ ಕದ್ದದ್ದನ್ನು ಹಿಂದಿರುಗಿಸಿ ದುಡಿಮೆಯಿಂದ ತೀರಿಸುವ ಶಿಕ್ಷೆ ಸಾಕು. ಮಗುವಿಗೆ ತಿದ್ದುವಿಕೆ, ರೋಗಿಗೆ ಚಿಕಿತ್ಸೆ. ಜ್ವರವೊಂದೇ ಆದರೂ ಕಾರಣ ತಿಳಿಯದೆ ನಾವು ಮದ್ದು ಬರೆಯುವುದಿಲ್ಲ. ಕಳವಿನ ವಿಷಯದಲ್ಲೂ ಅಷ್ಟು ತಾಳ್ಮೆ ಬೇಕು.

ಮೇಷ್ಟ್ರ ಕಾಯಿಲೆಯನ್ನು ಗುಣಪಡಿಸುವ ಮದ್ದು ಇನ್ನೂ ಬಂದಿಲ್ಲ. ನಡವಳಿಕೆ ಸ್ವಲ್ಪ ಹತೋಟಿಗೆ ಬರುವಂತೆ ಮಾತ್ರೆ ಕೊಡುತ್ತಿದ್ದೆವು. ಅವರ ಹೆಂಡತಿ ನನ್ನ ಚೀಟಿ ಹಿಡಿದು ಬೀದಿಯ ನಾಲ್ಕೂ ಅಂಗಡಿಗಳಿಗೆ ಹೋಗಿ, ಪರಿಸ್ಥಿತಿ ತಿಳಿಸಿ, ತಮ್ಮ ಫೋನ್ ಸಂಖ್ಯೆ ಬರೆಸಿ ಬಂದರು. ಮೇಷ್ಟ್ರನ್ನು ಹಿಡಿದು ನಿಲ್ಲಿಸಿದ್ದ ಅಂಗಡಿಯವರು ಎಲ್ಲ ಕೇಳಿ ಸುಮ್ಮನಾದರು. ತಾವೂ ಚಿಕ್ಕಂದಿನಲ್ಲಿ ಅವರ ಬಳಿ ಮಗ್ಗಿ ಕಲಿತವರೆಂದು ಆಮೇಲೆ ಹೇಳಿದರಂತೆ. ಅಂದಿನಿಂದ ಮೇಷ್ಟ್ರು ಬಂದು ಏನು ಎತ್ತಿಕೊಂಡರೂ ಗಲ್ಲದ ಹುಡುಗ ಪುಸ್ತಕದಲ್ಲಿ ಬರೆದಿಡುತ್ತಿದ್ದ. ತಿಂಗಳ ಕೊನೆಗೆ ಆ ತಾಯಿ ಹೋಗಿ ಲೆಕ್ಕ ಚುಕ್ತಾ ಮಾಡಿ ಬರುತ್ತಿದ್ದರು.