ಅಲಮೇಲಮ್ಮನ ಶಾಪ ಹುಟ್ಟಿದ ಬಗೆ

1610ನೇ ಇಸವಿ ಮೈಸೂರು ಸೀಮೆಗೆ ಎರಡನ್ನು ಕೊಟ್ಟಿತು. ಒಂದು ದಸರಾ, ಇನ್ನೊಂದು ಶಾಪ. ದಸರೆಗೆ ಅರಮನೆಯಿದೆ, ಅಂಬಾರಿಯಿದೆ, ಸರ್ಕಾರದ ಅನುದಾನವಿದೆ. ಶಾಪಕ್ಕೆ ಜನರ ಬಾಯಿ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಆದರೂ ಅದು ದಸರೆಯಷ್ಟೇ ಕಾಲ ಬಾಳಿದೆ. ಟಿ. ನರಸೀಪುರದ ಕಡೆ ಯಾರನ್ನೇ ಕೇಳಿ, ತಲಕಾಡು ಮರಳಾದದ್ದು, ಮಾಲಂಗಿ ಮಡುವಾದದ್ದು, ಮೈಸೂರಿನ ಅರಸರಿಗೆ ಮಕ್ಕಳಾಗದೆ ಹೋದದ್ದು, ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ.

ಕಥೆ ಗೊತ್ತಿದ್ದದ್ದೇ. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಯಾಗಿ ಆಳುತ್ತಿದ್ದ ತಿರುಮಲರಾಯನಿಗೆ ಬೆನ್ನುಫಣಿ ಹುಣ್ಣಾಯಿತು. ವಾಸಿಯಾಗದ ಆ ಹುಣ್ಣು ಹೊತ್ತು ಅವನು ತಲಕಾಡಿನ ವೈದ್ಯನಾಥೇಶ್ವರನ ಸನ್ನಿಧಿಗೆ ಹೋದ. ಪಟ್ಟಣ ಮೈಸೂರಿನ ರಾಜ ಒಡೆಯರ ಕೈಸೇರಿತು. ರಾಯ ತೀರಿಕೊಂಡ ಮೇಲೆ ಅವನ ರಾಣಿ ಅಲಮೇಲಮ್ಮನ ಬಳಿ ಒಡವೆಗಳು ಉಳಿದವು. ಅವು ವಾರದ ನಿಗದಿತ ದಿನಗಳಲ್ಲಿ ಶ್ರೀರಂಗನಾಯಕಿ ಅಮ್ಮನವರ ಅಲಂಕಾರಕ್ಕೆ ಹೋಗಿಬರುತ್ತಿದ್ದ ಒಡವೆಗಳು. ದೇವರಿಗೆ ಬೇಕು ಎಂದು ಹೊಸ ದೊರೆ ಹೇಳಿಕಳಿಸಿದಾಗ ರಾಣಿ ಮುತ್ತಿನ ಮೂಗುತಿಯೊಂದನ್ನು ಮಾತ್ರ ಕೊಟ್ಟು, ಉಳಿದವನ್ನು ಇಟ್ಟುಕೊಂಡಳು. ದೊರೆಯ ಆಳುಗಳು ಬೆನ್ನಟ್ಟಿದರು. ಒಡವೆಯ ಗಂಟನ್ನು ಮಡಿಲಿಗೆ ಕಟ್ಟಿಕೊಂಡು, ಮೂರು ಮಾತಿನ ಶಾಪ ಹಾಕಿ ಆಕೆ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು.

ಇಷ್ಟು ಗಟ್ಟಿಯಾಗಿ ನಿಂತ ಕಥೆ ಒಂದೇ ದಿನ, ಒಬ್ಬಳ ಬಾಯಿಂದ ಇಡಿಯಾಗಿ ಹೊರಬಿದ್ದದ್ದು ಎಂದು ನನಗೆ ಅನ್ನಿಸುವುದಿಲ್ಲ. ಮರಳಿಗೆ ಅದರದೇ ಚರಿತ್ರೆಯಿದೆ, ಹೊಳೆಗೆ ಅದರದು, ಅರಮನೆಯ ತೊಟ್ಟಿಲಿಗೆ ಅದರದು. ಮೂರೂ ಬೇರೆ ಬೇರೆ ದಾರಿಯಲ್ಲಿ ಬಂದು ಒಬ್ಬ ಹೆಣ್ಣುಮಗಳ ನೋವಿನಲ್ಲಿ ಕೂಡಿಕೊಂಡವು. ಸೋತ ಪಕ್ಷದ ಸಂಕಟವನ್ನು ನೆನಪಿಡಲು ಜನ ಕಂಡುಕೊಂಡ ದಾರಿ ಅದು.

ಮೊದಲು ಆ ಗೆಲುವಿನ ವಿಷಯ. 1565ರ ರಕ್ಕಸತಂಗಡಿ ಯುದ್ಧದ ನಂತರ ವಿಜಯನಗರದ ಅರಸರು ಹಂಪಿ ಬಿಟ್ಟು ಪೆನುಕೊಂಡ, ಚಂದ್ರಗಿರಿಗಳತ್ತ ಸರಿದಿದ್ದರು. ಕಾವೇರಿ ಸೀಮೆಯ ಪಾಳೆಯಗಾರರಿಂದ ಕಪ್ಪ ವಸೂಲಿ ಮಾಡುವ ಕೆಲಸ ಶ್ರೀರಂಗಪಟ್ಟಣದ ಪ್ರತಿನಿಧಿಯದು. 1578ರಲ್ಲಿ ಪಟ್ಟಕ್ಕೆ ಬಂದ ರಾಜ ಒಡೆಯರು ಕಪ್ಪ ಕೊಡುವುದನ್ನು ಮುಂದೂಡುತ್ತಾ, ಅಕ್ಕಪಕ್ಕದ ಊರುಗಳನ್ನು ಒಂದೊಂದಾಗಿ ಸೇರಿಸಿಕೊಳ್ಳುತ್ತಾ ಬಂದರು. 1596ರಲ್ಲಿ, ಈಗ ಮೈಸೂರು ನಗರದೊಳಗೇ ಸೇರಿಹೋಗಿರುವ ಕೆಸರೆಯ ಬಳಿ, ತಿರುಮಲರಾಯನ ಸೈನ್ಯವನ್ನೇ ಹಿಮ್ಮೆಟ್ಟಿಸಿದರು. ಅಲ್ಲಿಂದ ಹದಿನಾಲ್ಕು ವರ್ಷಕ್ಕೆ ಪಟ್ಟಣ ಅವರದಾಯಿತು.

ಆದರೆ ಹೇಗೆ ಆಯಿತು? ರಾಯನೇ ಕರೆದು ಒಪ್ಪಿಸಿದನೆ, ಮುತ್ತಿಗೆ ಹಾಕಿ ಕಿತ್ತುಕೊಂಡರೆ, ಒಳಗಿನವರು ಬಾಗಿಲು ತೆಗೆದರೆ? 1810ರಲ್ಲಿ ದಕ್ಷಿಣ ಭಾರತದ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಕೈಯಲ್ಲಿ ಈ ಬಗ್ಗೆ ಹಲವು ಹಸ್ತಪ್ರತಿಗಳಿದ್ದವು. ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಆ ಕಾಲದವರಿಗೇ ಬಿಡಿಸಲಾಗದಷ್ಟು ಗೋಜಲಾದ ಒಳಸಂಚು ಇದರ ಹಿಂದೆ ಇದ್ದಿರಬೇಕು ಎಂಬ ಅರ್ಥದಲ್ಲಿ ಅವನು ಬರೆದ. ವಿಜಯನಗರದ ವೆಂಕಟಪತಿರಾಯ 1612ರಲ್ಲಿ ಸನ್ನದು ಕೊಟ್ಟು ರಾಜ ಒಡೆಯರ ಹಕ್ಕನ್ನು ಒಪ್ಪಿಕೊಂಡದ್ದರಿಂದ ಕಾಗದದ ಮಟ್ಟಿಗೆ ಎಲ್ಲವೂ ಸರಿಹೋಯಿತು. ಊರವರ ಮನಸ್ಸಿನಲ್ಲಿ ಸರಿಹೋಗಲಿಲ್ಲ. ಸಾಯುತ್ತಿರುವ ಯಜಮಾನ ತನ್ನ ಕೋಟೆಯನ್ನು ಸಂತೋಷದಿಂದ ಬಿಟ್ಟುಕೊಟ್ಟ ಎಂದರೆ ಹಳ್ಳಿಯಲ್ಲಿ ಯಾರೂ ನಂಬುವುದಿಲ್ಲ. ಅವನ ಹೆಂಡತಿಗೆ ಏನಾಯಿತು ಎಂದು ಕೇಳಿಯೇ ಕೇಳುತ್ತಾರೆ. ಶಾಪದ ಕಥೆಗೆ ಜಾಗ ಸಿಕ್ಕಿದ್ದು ಆ ಪ್ರಶ್ನೆಯಲ್ಲಿ.

ಪಟ್ಟಣ ಕೈಸೇರಿದ ವರ್ಷವೇ ರಾಜ ಒಡೆಯರು ವಿಜಯನಗರದ ಮಹಾನವಮಿ ಉತ್ಸವವನ್ನು ಶ್ರೀರಂಗಪಟ್ಟಣದಲ್ಲಿ ತಾವೇ ಆಚರಿಸಿದರು. ಸಾಮ್ರಾಜ್ಯದ ಹಬ್ಬವನ್ನು ಮಾಡಿದವನೇ ಸಾಮ್ರಾಜ್ಯದ ವಾರಸುದಾರ ಎಂದು ಲೋಕಕ್ಕೆ ಸಾರುವ ಕ್ರಮ ಅದು. ಹಬ್ಬ ಇನ್ನೇನು ಶುರುವಾಗಬೇಕು ಎನ್ನುವಾಗ ಅವರ ಹಿರಿಯ ಮಗ ನರಸರಾಜ ತೀರಿಕೊಂಡರೆಂದೂ, ಸೂತಕ ಬಂದರೂ ನವರಾತ್ರಿ ನಿಲ್ಲಬಾರದೆಂದು ದೊರೆ ಕಟ್ಟಳೆ ಮಾಡಿದರೆಂದೂ ಅರಮನೆಯ ಪರಂಪರೆ ಹೇಳುತ್ತದೆ. ಈ ಸಾವನ್ನು ನಾವು ಸಾಕಷ್ಟು ಗಮನಿಸಿಲ್ಲ ಎಂದು ನನಗನ್ನಿಸುತ್ತದೆ. ಗೆದ್ದ ವರ್ಷವೇ ಗೆದ್ದವನ ಮನೆಯಲ್ಲಿ ಪಟ್ಟಕ್ಕೆ ಬರಬೇಕಾದ ಮಗ ಹೋದ. ಶಾಪದ ಮೂರನೆಯ ಮಾತಿಗೆ ಇದಕ್ಕಿಂತ ಹಳೆಯ ಬೇರು ಹುಡುಕಬೇಕಿಲ್ಲ.

ಇನ್ನು ಮರಳು. ತಲಕಾಡು ಸಾಮಾನ್ಯ ಊರಲ್ಲ. ಗಂಗರ ರಾಜಧಾನಿಯಾಗಿ ಶತಮಾನಗಟ್ಟಲೆ ಮೆರೆದದ್ದು. 11ನೇ ಶತಮಾನದ ಆರಂಭದಲ್ಲಿ ಚೋಳರು ಗೆದ್ದು ರಾಜರಾಜಪುರ ಎಂದು ಹೆಸರಿಟ್ಟರು. ಹೊಯ್ಸಳ ವಿಷ್ಣುವರ್ಧನ ಅದನ್ನು ಚೋಳರಿಂದ ಕಸಿದು ತಲಕಾಡುಗೊಂಡ ಎಂಬ ಬಿರುದು ಧರಿಸಿ, ಗೆಲುವಿನ ನೆನಪಿಗೆ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. ಕಾವೇರಿ ಇಲ್ಲಿ ನೇರ ಹರಿಯುವುದಿಲ್ಲ, ಊರನ್ನು ಬಳಸಿ ತಿರುಗುತ್ತದೆ. ತಿರುವಿನಲ್ಲಿ ನೀರಿನ ವೇಗ ತಗ್ಗಿದ ಕಡೆ ಮರಳು ಕೂಡುತ್ತದೆ, ಹೊಡೆತ ಬಿದ್ದ ಕಡೆ ಹೊಳೆಯ ತಳ ಕೊರೆದು ಮಡುವಾಗುತ್ತದೆ. ತಲಕಾಡಿನ ಮರಳು, ಎದುರು ದಡದ ಮಾಲಂಗಿಯ ಮಡು ಎರಡೂ ಒಂದೇ ಹೊಳೆಯ ಒಂದೇ ತಿರುವಿನ ಕೆಲಸ. ಶಾಪ ಅವೆರಡನ್ನೂ ಜೊತೆಯಲ್ಲೇ ಹೇಳುವುದು ನೋಡಿದರೆ, ಕಥೆ ಕಟ್ಟಿದವರು ಹೊಳೆಯನ್ನು ದಿನಾ ಕಂಡವರೇ ಇರಬೇಕು.

ಆದರೆ ಹೊಳೆ ಯಾವಾಗಲೂ ತಿರುಗುತ್ತಿತ್ತು, ಊರು ಮುಳುಗಿದ್ದು ಮಾತ್ರ ಆಮೇಲೆ. ಇದಕ್ಕೆ ಉತ್ತರ ಹುಡುಕಿದವರಲ್ಲಿ ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯ ಒಬ್ಬರು. ವಿಜಯನಗರ ಕಾಲದ ಮಾಧವಮಂತ್ರಿಯ ಹೆಸರಿನ ಅಣೆಕಟ್ಟು ತಲಕಾಡಿಗೆ ಸ್ವಲ್ಪ ಮೇಲಕ್ಕಿದೆ. ಆ ಕಟ್ಟೆಯಿಂದ ನೀರು ನಾಲೆಗೆ ತಿರುಗಿತು, ಕೆಳಗಡೆ ಹೊಳೆಯ ಪಾತ್ರ ಬತ್ತಿ ಮರಳು ಬಯಲಾಯಿತು, ಬಯಲಾದ ಮರಳನ್ನು ಗಾಳಿ ಊರಿನ ಮೇಲೆ ತಂದು ಸುರಿಯಿತು ಎಂಬುದು ಅವರ ವಾದ. ನನಗೆ ಇದು ಒಪ್ಪುವ ಮಾತು. ಗದ್ದೆಗೆ ನೀರು ಕೊಟ್ಟ ಕಟ್ಟೆಯೇ ಗುಡಿಗಳಿಗೆ ಮರಳು ಕೊಟ್ಟಿತು. ತಲಕಾಡಿನ ಸುತ್ತ ಇವತ್ತಿಗೂ ಭತ್ತದ ಪೈರು ಹಸಿರಾಗಿರುವುದು ಆ ನಾಲೆಯಿಂದ, ಆ ಹಸಿರಿನ ಪಕ್ಕದಲ್ಲೇ ದಿಬ್ಬ ಎದ್ದು ನಿಂತಿದೆ.

19ನೇ ಶತಮಾನದ ಕೊನೆಯ ಭಾಗದಲ್ಲಿ ಬಿ.ಎಲ್. ರೈಸ್ ಸಿದ್ಧಪಡಿಸಿದ ಗೆಜೆಟಿಯರ್ ಓದಿದರೆ ಮರಳಿನ ಭಯ ಎಷ್ಟು ನಿಜವಾಗಿತ್ತು ಎಂದು ತಿಳಿಯುತ್ತದೆ. ಸುಮಾರು ಒಂದು ಮೈಲಿ ಉದ್ದದ ದಿಬ್ಬಗಳು. ಮುಂಗಾರಿನ ಗಾಳಿಗೆ ವರ್ಷಕ್ಕೆ ಒಂಬತ್ತು ಹತ್ತು ಅಡಿಯಂತೆ ಮರಳು ಊರಿನ ಮೇಲೆ ಏರಿ ಬರುತ್ತಿತ್ತು. ಜನ ಮನೆ ಬಿಟ್ಟು ಹಿಂದೆ ಹಿಂದೆ ಸರಿಯುತ್ತಿದ್ದರು. 30ಕ್ಕೂ ಹೆಚ್ಚು ಗುಡಿಗಳು ಒಳಗಿವೆ ಎಂಬ ಮಾತಿತ್ತು. ಅಜ್ಜ ಕಟ್ಟಿದ ಮನೆಯನ್ನು ಮೊಮ್ಮಗ ಮರಳಿಗೆ ಒಪ್ಪಿಸಿ ಹೋಗಬೇಕಾದ ಊರಿನಲ್ಲಿ ಗಾಳಿಯ ದಿಕ್ಕು, ನದಿಯ ಪಾತ್ರ ಎಂದು ಹೇಳಿದರೆ ಯಾರಿಗೆ ಸಮಾಧಾನ? ಯಾರದೋ ಕಣ್ಣೀರು ನಮ್ಮನ್ನು ಮುಳುಗಿಸುತ್ತಿದೆ ಎಂದರೆ ಆ ಮರಳಿಗೆ ಒಂದು ಕಾರಣವಾದರೂ ಸಿಗುತ್ತದೆ.

ಅದೇ ಗೆಜೆಟಿಯರ್‌ನಲ್ಲಿ ಶಾಪದ ಕಥೆಯೂ ಇದೆ, ಆದರೆ ನಾವು ಕೇಳಿದಂತೆ ಇಲ್ಲ. ಅಲ್ಲಿ ರಾಜ ಒಡೆಯರಿಗೆ ರಾಣಿಯ ಮೂಗುತಿಯ ಮೇಲೇ ಆಸೆ. ಅದಕ್ಕಾಗಿ ದಂಡು ಕಟ್ಟಿ ತಲಕಾಡಿಗೆ ಏಣಿ ಹಾಕಿ ಹತ್ತುತ್ತಾರೆ, ಅಲ್ಲಿಯ ರಾಜ ಕಾದಾಡಿ ಸಾಯುತ್ತಾನೆ. ರಾಣಿ ಮೂಗುತಿಯನ್ನು ಹೊಳೆಗೆ ಎಸೆದು ತಾನೂ ಬೀಳುತ್ತಾಳೆ. ರಾಯನ ಕಿರಿಯ ಹೆಂಡತಿಯ ಹೆಸರು ರಂಗಮ್ಮ, ಪಟ್ಟಣ ಬಿಟ್ಟುಕೊಡುವವಳು ಅವಳು. ತಲಕಾಡು ಗೆದ್ದ ವರ್ಷ 1634 ಎಂದಿದೆ. ರಾಜ ಒಡೆಯರು 1617ರಲ್ಲೇ ತೀರಿಕೊಂಡಿದ್ದರು! ಇದನ್ನು ಬರೆದವರ ಕೈತಪ್ಪು ಎಂದು ತಳ್ಳಿಹಾಕಬಹುದು. ನನಗೆ ಮಾತ್ರ ಎರಡು ಬೇರೆ ಗೆಲುವುಗಳು ಜನರ ನೆನಪಿನಲ್ಲಿ ಕೂಡಿಹೋದ ಗುರುತು ಇಲ್ಲಿ ಕಾಣುತ್ತದೆ. ಪಟ್ಟಣ ಬಿದ್ದದ್ದು ಒಂದು ಕಾಲ, ತಲಕಾಡು ಬಿದ್ದದ್ದು ಇನ್ನೊಂದು ಕಾಲ. ಹೇಳುವವರು ಇಬ್ಬರು ರಾಣಿಯರನ್ನು, ಎರಡು ಸೋಲನ್ನು ಒಬ್ಬ ಅಲಮೇಲಮ್ಮನಲ್ಲಿ ಸೇರಿಸಿಬಿಟ್ಟರು. ಮೂಗುತಿ ಮಾತ್ರ ಎರಡೂ ಪಾಠದಲ್ಲಿ ಉಳಿಯಿತು. ಕೋಟೆ, ಸನ್ನದು, ಸಿಂಹಾಸನ ಎಲ್ಲ ಗಂಡಸರ ನಡುವಿನ ವ್ಯವಹಾರ. ಹೆಂಗಸಿನ ಮೈಮೇಲಿನ ಒಡವೆಗೆ ಕೈ ಹಾಕುವುದು ಎಲ್ಲರಿಗೂ ಅರ್ಥವಾಗುವ ಅನ್ಯಾಯ.

ಮೂರನೆಯ ಮಾತು, ಸಂತಾನದ್ದು. ಇಲ್ಲಿ ಕಥೆಯನ್ನು ದಾಖಲೆಯ ಪಕ್ಕದಲ್ಲಿಟ್ಟು ನೋಡಬಹುದು. ರಾಜ ಒಡೆಯರ ನಂತರ ಪಟ್ಟ ಬಂದದ್ದು ಮೊಮ್ಮಗ ಚಾಮರಾಜರಿಗೆ, ಆಮೇಲೆ ಸುಮಾರು ಒಂದೂವರೆ ವರ್ಷದ ಮಟ್ಟಿಗೆ ಇಮ್ಮಡಿ ರಾಜ ಒಡೆಯರಿಗೆ, ಅವರಿಗೆ ದಳವಾಯಿ ವಿಷವಿಕ್ಕಿದ ಮೇಲೆ 1638ರಲ್ಲಿ ಬೇರೆ ಕವಲಿನ ಕಂಠೀರವ ನರಸರಾಜರಿಗೆ. 1673ರಲ್ಲಿ ಚಿಕ್ಕದೇವರಾಜರು ಬರುವವರೆಗೆ ಒಮ್ಮೆಯೂ ತಂದೆಯ ಕೈಯಿಂದ ನೇರವಾಗಿ ಮಗನ ಕೈಗೆ ಪಟ್ಟ ಹೋಗಲಿಲ್ಲ. ಶಾಪವನ್ನು ನಂಬುವವರಿಗೆ ಇಷ್ಟು ಸಾಕು. ಆದರೆ ಚಿಕ್ಕದೇವರಾಜರ ನಂತರ 1704ರಲ್ಲಿ ಮಗ ಪಟ್ಟವೇರಿದರು, 1714ರಲ್ಲಿ ಮೊಮ್ಮಗ. ಮೈಸೂರಿನ ಕೀರ್ತಿ ಏರಿದ ಕಾಲದಲ್ಲೇ ಮೂರು ತಲೆಮಾರು ಸಾಲಾಗಿ ಬಂದವು. ಕಥೆ ಹೇಳುವಾಗ ಈ ಭಾಗವನ್ನು ಯಾರೂ ಎತ್ತುವುದಿಲ್ಲ.

1732ರ ನಂತರ ದೊರೆಗಳನ್ನು ಕೂರಿಸುವುದು ಇಳಿಸುವುದು ಕಳಲೆಯ ದಳವಾಯಿಗಳ ಕೈಗೆ ಹೋಯಿತು. ಆಮೇಲೆ ಹೈದರಾಲಿ. 1776ರಲ್ಲಿ ಯಾವ ಮಗು ಪಟ್ಟಕ್ಕೆ ಎಂದು ಆರಿಸಿದ್ದೂ ಅವನೇ. ಅರಮನೆಯಲ್ಲಿ ದತ್ತು ಹೆಚ್ಚಿದ್ದು ಆ ದಿನಗಳಲ್ಲಿ, ಅದರಲ್ಲಿ ಅಧಿಕಾರದ ಲೆಕ್ಕಾಚಾರವೇ ಬಹಳ.

ಶಾಪ ಮನೆಮಾತಾಗಲು ನಿಜವಾದ ಕಾರಣ ಮುಮ್ಮಡಿ ಕೃಷ್ಣರಾಜ ಒಡೆಯರ ಕೊನೆಗಾಲ ಎಂಬುದು ನನ್ನ ಊಹೆ. 1831ರಲ್ಲೇ ಬ್ರಿಟಿಷರು ಆಡಳಿತ ಕಿತ್ತುಕೊಂಡಿದ್ದರು. ಪಟ್ಟಕ್ಕೆ ಬರುವ ಮಗನಿರಲಿಲ್ಲ. ಗಂಡು ವಾರಸುದಾರನಿಲ್ಲದ ಸಂಸ್ಥಾನಗಳನ್ನು ಕಂಪನಿ ಒಂದೊಂದಾಗಿ ನುಂಗಿದ್ದನ್ನು ಎಲ್ಲರೂ ಕಂಡಿದ್ದರು. 1865ರಲ್ಲಿ ಮಹಾರಾಜರು ಎರಡು ವರ್ಷದ ಮಗು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಲಂಡನ್ ಒಪ್ಪಿದ್ದು 1867ರಲ್ಲಿ, ಮರುವರ್ಷ ಮಹಾರಾಜರು ತೀರಿಕೊಂಡರು. 1881ರಲ್ಲಿ ರಾಜ್ಯ ಮರಳಿ ಬಂತು. ಆ ವರ್ಷಗಳಲ್ಲಿ ಒಂದು ಇಡೀ ಸೀಮೆಯ ಭವಿಷ್ಯ ಒಂದು ಮಗುವಿನ ಮೇಲೆ ನಿಂತಿತ್ತು. ಅರಮನೆಗೆ ಮಕ್ಕಳಿಲ್ಲ ಎಂಬುದು ಅರಮನೆಯ ಚಿಂತೆಯಾಗಿ ಉಳಿಯದೆ ಪ್ರತಿ ಜಗಲಿಯ ಮಾತಾಗಿರಬೇಕು. ಯಾಕೆ ಹೀಗೆ ಎಂದು ಕೇಳಿದವರಿಗೆ ಅಲಮೇಲಮ್ಮನ ಉತ್ತರ ಸಿದ್ಧವಾಗಿತ್ತು.

ಮುಂದೆ ನಡೆದದ್ದೂ ಕಥೆಗೆ ಬಲ ಕೊಟ್ಟಿತು. ಚಾಮರಾಜೇಂದ್ರರಿಗೆ ಗಂಡುಮಕ್ಕಳಾದರು. ಅವರಲ್ಲಿ ಹಿರಿಯರಾದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಾಗಲಿಲ್ಲ. 1940ರಲ್ಲಿ ಪಟ್ಟ ತಮ್ಮನ ಮಗ ಜಯಚಾಮರಾಜ ಒಡೆಯರಿಗೆ ಬಂತು. ಅವರಿಗೆ ಮಗ ಶ್ರೀಕಂಠದತ್ತ, ಶ್ರೀಕಂಠದತ್ತರಿಗೆ ಮಕ್ಕಳಿಲ್ಲ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಎಂಬ ಲೆಕ್ಕ ಜನ ಹಾಕತೊಡಗಿದ್ದು ಹೀಗೆ. ಪಟ್ಟದರಸರಿಗೆ ಮಕ್ಕಳಾಗುವುದಿಲ್ಲ, ಪಟ್ಟವೇರದವರಿಗೆ ಆಗುತ್ತದೆ ಎಂದೂ ಕೆಲವರು ತಿದ್ದಿದರು. ಕಥೆ ತನಗೆ ಬೇಕಾದ ಹಾಗೆ ಬಾಗುತ್ತಿತ್ತು. ಹಾಗೆಂದು ಆ ಮನೆಯವರ ದುಃಖ ಕಡಿಮೆಯಲ್ಲ. ನಾಲ್ವಡಿಯವರಂಥ ದೊರೆಯ ಮಕ್ಕಳಿಲ್ಲದ ನೋವನ್ನು ಶಾಪದ ಸಾಕ್ಷಿಯಾಗಿ ಬಳಸುವುದು ನನಗೆ ಎಂದೂ ಸರಿಕಂಡಿಲ್ಲ.

ಈ ಎಲ್ಲದರ ನಡುವೆ ಅರಮನೆ ಮಾಡಿದ ಒಂದು ಕೆಲಸವನ್ನು ಮೆಚ್ಚಬೇಕು. ತನ್ನ ವಿರುದ್ಧದ ಕಥೆಯನ್ನು ಅದು ಅಳಿಸಲು ಹೋಗಲಿಲ್ಲ. ರಾಜ ಒಡೆಯರೇ ಪಶ್ಚಾತ್ತಾಪಪಟ್ಟು ಅಲಮೇಲಮ್ಮನ ಚಿನ್ನದ ವಿಗ್ರಹ ಮಾಡಿಸಿದರು ಎಂಬುದು ಪ್ರತೀತಿ. ಅರಮನೆಯಲ್ಲಿ ಅವಳಿಗೆ ಪೂಜೆ ನಡೆದುಬಂದಿದೆ. ವಿಜಯನಗರದ ಹಬ್ಬವನ್ನು ಆಚರಿಸುವ ಮನೆಯೊಳಗೇ ವಿಜಯನಗರದ ಪಕ್ಷದ ರಾಣಿಗೂ ಹೂವು ಏರುತ್ತದೆ. ಸೋತವಳನ್ನು ದೇವರ ಪಕ್ಕ ಕೂರಿಸಿಕೊಂಡು ಆಳಿದ ರಾಜವಂಶ ಇನ್ನೊಂದು ಇದ್ದರೆ ನಾನು ಕೇಳಿಲ್ಲ.

ತಲಕಾಡಿನಲ್ಲಿ 1990ರ ದಶಕದಲ್ಲಿ ಉತ್ಖನನ ನಡೆದು ಮರಳಿನಡಿಯ ಊರು ಸ್ವಲ್ಪ ಸ್ವಲ್ಪ ಹೊರಬಂತು. ಕೀರ್ತಿನಾರಾಯಣ ದೇವಾಲಯದ ಜೀರ್ಣೋದ್ಧಾರವಾಯಿತು. 2009, 2013, 2020ರ ಕಾರ್ತಿಕದಲ್ಲಿ ಪಂಚಲಿಂಗ ದರ್ಶನ ನಡೆಯಿತು. ನೀಲಗಿರಿ ಮರಗಳ ನಡುವೆ ಮರಳು ತುಳಿದು ಪಾತಾಳೇಶ್ವರ, ಮರುಳೇಶ್ವರರ ಕಡೆ ನಡೆಯುವ ಭಕ್ತರಿಗೆ ದಾರಿಯುದ್ದಕ್ಕೂ ಈ ಕಥೆ ಸಿಗುತ್ತದೆ, ಇತಿಹಾಸದ ಫಲಕ ಅಪರೂಪ. ಗಂಗರ ಹೆಸರು ಗೊತ್ತಿಲ್ಲದವರಿಗೂ ಅಲಮೇಲಮ್ಮ ಗೊತ್ತು.

2015ರಲ್ಲಿ ಶ್ರೀಕಂಠದತ್ತರ ಪತ್ನಿ ಪ್ರಮೋದಾದೇವಿ ಒಡೆಯರ್ ಅವರು ಯದುವೀರರನ್ನು ದತ್ತು ತೆಗೆದುಕೊಂಡರು. 2017ರ ಡಿಸೆಂಬರ್‌ನಲ್ಲಿ ಯದುವೀರರಿಗೆ ಗಂಡು ಮಗುವಾದಾಗ ಶಾಪ ಕಳೆಯಿತೆಂದು ಪತ್ರಿಕೆಗಳು ಬರೆದವು. ದತ್ತು ಬಂದವರಿಗೆ ಶಾಪ ತಟ್ಟುವುದೇ ಇಲ್ಲ, ಹಿಂದೆ ಚಾಮರಾಜೇಂದ್ರರಿಗೂ ಮಕ್ಕಳಾಗಿರಲಿಲ್ಲವೇ ಎಂದು ಬೇರೆಯವರು ವಾದಿಸಿದರು. 2024ರ ನವರಾತ್ರಿಯಲ್ಲಿ, ಆಯುಧಪೂಜೆಯ ದಿನವೇ, ಎರಡನೆಯ ಗಂಡು ಮಗು ಹುಟ್ಟಿತು. ವಾದ ಮತ್ತೆ ಶುರುವಾಯಿತು.