ಧೂಮಕೇತುವಿನ ಅನಿಲ ಪರಿವೇಷ

1910ನೆಯ ಇಸವಿಯ ಮೇ ತಿಂಗಳಿನಲ್ಲಿ ಭೂಮಿಯು ಹ್ಯಾಲಿ ಧೂಮಕೇತುವಿನ ಬಾಲದೊಳಗೆ ಹಾದುಹೋಗಲಿರುವುದೆಂದು ಖಗೋಳಜ್ಞರು ಲೆಕ್ಕಹಾಕಿದ್ದರು. ಆ ಬಾಲದಲ್ಲಿ ಸಯನೋಜನ್ ಎಂಬ ವಿಷಾನಿಲವುಂಟೆಂದು ಪತ್ರಿಕೆಗಳು ಸಾರಿದುವು. ಪಾಶ್ಚಾತ್ಯ ದೇಶಗಳಲ್ಲಿ ಕೆಲವರು ಭಯದಿಂದ ಬಾಗಿಲು ಕಿಟಕಿಗಳ ಸಂದುಗಳನ್ನು ಮುಚ್ಚಿಕೊಂಡರು; ವಿಷನಿವಾರಕವೆಂದು ಗುಳಿಗೆಗಳೂ ಮಾರಾಟವಾದುವು. ಆ ಗಳಿಗೆ ಕಳೆಯಿತು. ಯಾರಿಗೂ ಏನೂ ಆಗಲಿಲ್ಲ. ಹಾಗಾದರೆ ವಿಷಾನಿಲದ ವಾರ್ತೆ ಸುಳ್ಳೆ? ಸುಳ್ಳಲ್ಲ, ಅರ್ಧ ಸತ್ಯ.

ಅಷ್ಟು ದೂರದ ಅನಿಲವನ್ನು ನಾವು ಗುರುತಿಸುವುದು ಅದರ ಬೆಳಕಿನಿಂದ. ಸೂರ್ಯನ ಬೆಳಕನ್ನು ಹೀರಿದ ಅಣುಗಳು ತಮಗೇ ವಿಶಿಷ್ಟವಾದ ಬಣ್ಣಗಳನ್ನು ಮರಳಿ ಸೂಸುತ್ತವೆ. ಈ ಬಣ್ಣಗಳನ್ನು ಗಾಜಿನ ಪಟ್ಟಕದಿಂದ ಬೇರ್ಪಡಿಸಿದರೆ ದೊರೆಯುವುದೇ ರೋಹಿತ. 1864ರಲ್ಲಿ ಇಟಲಿಯ ಡೊನಾಟಿಯು ಧೂಮಕೇತುವಿನ ರೋಹಿತದಲ್ಲಿ ಮೂರು ಉಜ್ಜ್ವಲ ಪಟ್ಟೆಗಳನ್ನು ಕಂಡನು. ಇಂಗಾಲಯುಕ್ತ ಅನಿಲದಲ್ಲಿ ವಿದ್ಯುತ್ಕಿಡಿ ಹಾರಿಸಿದಾಗಲೂ ಅವೇ ಪಟ್ಟೆಗಳು ತೋರುವುವೆಂದು 1868ರಲ್ಲಿ ಇಂಗ್ಲೆಂಡಿನ ಹಗ್ಗಿನ್ಸನು ತೋರಿಸಿದನು. ಎರಡು ಇಂಗಾಲ ಪರಮಾಣುಗಳ ಜೋಡಿಯೇ ಇವುಗಳಿಗೆ ಮೂಲ. ಧೂಮಕೇತುವಿನ ತಲೆಯ ಹಸುರು ಛಾಯೆಯೂ ಇದರದೇ. ಇಂಗಾಲ ಸಾರಜನಕಗಳ ಜೋಡಿಯಾದ ಸಯನೋಜನ್ ನೇರಿಳೆಯ ಕಡೆ ಹೊಳೆಯುವುದು.

ಆದರೆ ಹೆಚ್ಚು ಹೊಳೆಯುವುದೇ ಹೆಚ್ಚಾಗಿರಬೇಕೆಂಬ ನಿಯಮವಿಲ್ಲ. ಧೂಮಕೇತುವಿನ ಗರ್ಭವು ಧೂಳು ಬೆರೆತ ಹಿಮದ ಗಡ್ಡೆಯೆಂದು 1950ರಲ್ಲಿ ಅಮೆರಿಕದ ವಿಪ್ಪಲ್ ಪ್ರತಿಪಾದಿಸಿದನು. ಸೂರ್ಯನ ಸಮೀಪದಲ್ಲಿ ಈ ಹಿಮವು ದ್ರವವಾಗದೆ ನೇರವಾಗಿ ಆವಿಯಾಗಿ ಗರ್ಭವನ್ನು ಸುತ್ತುವರಿಯುತ್ತದೆ. ಈ ನೀರಾವಿ ನಮ್ಮ ಕಣ್ಣಿಗೆ ಗೋಚರವಲ್ಲ. ಸೂರ್ಯನ ನೀಲಾತೀತ ಕಿರಣಗಳು ಅದನ್ನು ಒಡೆದು ಜಲಜನಕವನ್ನು ಬಿಡಿಸುತ್ತವೆ. 1970ರಲ್ಲಿ ಬೆನೆಟ್ ಧೂಮಕೇತುವಿನ ಸುತ್ತ ಸೂರ್ಯನಿಗಿಂತಲೂ ವಿಶಾಲವಾದ ಜಲಜನಕದ ಮೇಘವನ್ನು ಉಪಗ್ರಹವೊಂದು ಪತ್ತೆಹಚ್ಚಿತು. 1986ರ ಮಾರ್ಚಿಯಲ್ಲಿ ಜೋಟ್ಟೊ ನೌಕೆಯು ಹ್ಯಾಲಿಯ ಗರ್ಭದಿಂದ ಸುಮಾರು 600 ಕಿಲೋಮೀಟರು ದೂರದಲ್ಲಿ ಹಾದು ಅನಿಲವನ್ನು ಪರೀಕ್ಷಿಸಿದಾಗ, ಅದರಲ್ಲಿ ಶೇಕಡ 80ರಷ್ಟು ನೀರೇ ಎಂದು ತಿಳಿದುಬಂದಿತು. ಇಂಗಾಲದ ಮಾನಾಕ್ಸೈಡಿಗೆ ಎರಡನೆಯ ಸ್ಥಾನ. ಸಯನೋಜನ್ನಿನ ಪಾಲು ನೂರರಲ್ಲಿ ಒಂದರಷ್ಟೂ ಇಲ್ಲ.

ಬಾಲವಂತೂ ನಾವು ಪ್ರಯೋಗಶಾಲೆಯಲ್ಲಿ ಸಾಧಾರಣವಾಗಿ ಉಂಟುಮಾಡುವ ನಿರ್ವಾತಕ್ಕಿಂತಲೂ ವಿರಳ. ಅಂತಹ ಬಾಲದೊಳಗಿನ ಅತ್ಯಲ್ಪ ವಿಷವು ದಟ್ಟವಾದ ವಾಯುಮಂಡಲವನ್ನು ಭೇದಿಸಿ ಬಂದು ನಮ್ಮನ್ನು ಬಾಧಿಸುವುದೆಂತು?

2014ರಿಂದ 2016ರವರೆಗೆ 67ಪಿ ಎಂಬ ಧೂಮಕೇತುವಿನ ಜೊತೆಯಲ್ಲೇ ಸಾಗಿದ ರೊಸೆಟ್ಟಾ ನೌಕೆಯು ಅದರ ಅನಿಲದಲ್ಲಿ ಹೈಡ್ರೊಜನ್ ಸಯನೈಡನ್ನೂ, ಸಸಾರಜನಕಗಳ ಘಟಕಗಳಲ್ಲೊಂದಾದ ಗ್ಲೈಸೀನನ್ನೂ ಕಂಡಿತು. ವಿಷವೂ ಜೀವದ ಸಾಮಗ್ರಿಯೂ ಅಲ್ಲಿ ಒಟ್ಟಿಗೇ ಇವೆ. ಒಂದು ವಸ್ತು ಇದೆಯೆಂದು ರೋಹಿತವು ಹೇಳಿದೊಡನೆ ನಾವು ಕೇಳಬೇಕಾದ ಮುಂದಿನ ಪ್ರಶ್ನೆ, ಅದು ಎಷ್ಟಿದೆ ಎಂಬುದು. 1910ರಲ್ಲಿ ಹೆದರಿದವರು ಕೇಳದೆ ಬಿಟ್ಟ ಪ್ರಶ್ನೆ ಅದೇ.